ಹವ್ಯಾಸಿ ರೆಫರಿಯ ಶಿಕ್ಷಣವೂ ರೆಫರಿ ಸಂಘಗಳ ಉದಯವೂ

ಕ್ರೀಡಾಸಂಸ್ಥೆಗಳ ಚರಿತ್ರೆಯನ್ನು ಬರೆಯತೊಡಗಿದವರು ಗೆದ್ದ ಕಪ್ಪುಗಳನ್ನೂ ಗೋಲು ಹೊಡೆದ ವೀರರನ್ನೂ ಮೈದಾನಕ್ಕೆ ನೆಲವನ್ನಿತ್ತ ದಾನಿಗಳನ್ನೂ ಸ್ಮರಿಸಿ, ಅಷ್ಟರಿಂದಲೇ ಚರಿತ್ರೆಯು ಸಮಗ್ರವಾಯಿತೆಂದು ತೃಪ್ತರಾಗುವುದುಂಟು. ಎರಡು ತಂಡಗಳ ಇಪ್ಪತ್ತೆರಡು ಮಂದಿಯ ನಡುವೆ, ಯಾರ ಜಯದಲ್ಲಿಯೂ ತನಗೊಂದು ಪಾಲಿಲ್ಲದೆ, ತೊಂಬತ್ತು ನಿಮಿಷಗಳ ಕಾಲ ಆಟಗಾರರಷ್ಟೇ ಓಡಿ, ಪಂದ್ಯ ಮುಗಿದ ಮೇಲೆ ಸದ್ದಿಲ್ಲದೆ ಬಸ್ಸು ಹತ್ತಿ ಮನೆಗೆ ಹೋಗುವ ರೆಫರಿಯು ಆ ಚರಿತ್ರೆಯಲ್ಲಿ ಕಾಣಿಸಿಕೊಳ್ಳುವುದು ವಿರಳ. ಕಾಣಿಸಿಕೊಂಡರೂ ಯಾವುದಾದರೊಂದು ವಿವಾದದ ನಿಮಿತ್ತವಾಗಿಯೇ. ಸೀಟಿಯನ್ನು ಹಿಡಿದು ಆಟದ ಸೇವೆ ಮಾಡಿದವರ ಸ್ಮರಣೆಗೆಂದು ಸಿದ್ಧವಾಗುತ್ತಿರುವ ಈ ಸಂಚಿಕೆಯಲ್ಲಿ ಆ ಕೊರತೆಯನ್ನು ಕಿಂಚಿತ್ತಾದರೂ ತುಂಬಬೇಕೆಂಬುದು ನನ್ನ ಉದ್ದೇಶ. ರೆಫರಿಗೆ ಅಧಿಕಾರವನ್ನು ಕೊಟ್ಟದ್ದು ನಿಯಮಪುಸ್ತಕವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಆ ಅಧಿಕಾರವನ್ನು ಹೊರಬಲ್ಲ ಮನುಷ್ಯರನ್ನು ಸಿದ್ಧಗೊಳಿಸಿದವರಾರು ಎಂಬ ಪ್ರಶ್ನೆಯನ್ನು ಕೇಳಿದವರು ಕಡಮೆ. ವಾರವೆಲ್ಲ ಶಾಲೆ, ಕಚೇರಿ, ಅಂಗಡಿಗಳಲ್ಲಿ ದುಡಿದು, ಬಿಡುವಿನ ಮಧ್ಯಾಹ್ನ ಮೈದಾನಕ್ಕಿಳಿಯುತ್ತಿದ್ದ ಹವ್ಯಾಸಿಗಳೇ, ತಮ್ಮನ್ನು ತಾವು ಪರೀಕ್ಷೆಗೆ ಒಡ್ಡಿಕೊಳ್ಳುವುದಕ್ಕಾಗಿ ಸಂಘಗಳನ್ನು ಕಟ್ಟಿಕೊಂಡು, ಈ ವಿದ್ಯೆಯನ್ನು ಪರಸ್ಪರ ಕಲಿಸಿಕೊಂಡರೆಂಬುದು ಆ ಪ್ರಶ್ನೆಗೆ ದೊರೆಯುವ ಉತ್ತರ. ಆ ಕಥೆ ಮೊದಲಾದುದು ಇಂಗ್ಲೆಂಡಿನಲ್ಲಿ. ಆದುದರಿಂದ ಅಲ್ಲಿಂದಲೇ ಆರಂಭಿಸತಕ್ಕದ್ದು.

1863ರ ಅಕ್ಟೋಬರಿನಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಪಾನಗೃಹದಲ್ಲಿ ಕೆಲವು ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಫುಟ್‌ಬಾಲ್ ಅಸೋಸಿಯೇಷನ್ನನ್ನು ಸ್ಥಾಪಿಸಿ, ಆ ವರ್ಷದ ಕೊನೆಯ ಹೊತ್ತಿಗೆ ಆಟದ ಪ್ರಥಮ ನಿಯಮಾವಳಿಯನ್ನು ಅಂಗೀಕರಿಸಿದಾಗ, ಅದರಲ್ಲಿ ರೆಫರಿಯ ಪ್ರಸ್ತಾಪವೇ ಇರಲಿಲ್ಲ. ಸಭ್ಯಗೃಹಸ್ಥರ ಆಟದಲ್ಲಿ ತೀರ್ಪುಗಾರನಿಗೇನು ಕೆಲಸ, ತಪ್ಪಾದರೆ ಎರಡು ತಂಡಗಳ ನಾಯಕರು ಮಾತನಾಡಿಕೊಂಡು ಸರಿಪಡಿಸಿಕೊಳ್ಳಲಾರರೆ, ಎಂಬುದು ಆ ಕಾಲದ ಭಾವನೆ. ಆಟವು ಶಾಲಾಕಾಲೇಜುಗಳ ಹುಲ್ಲುಗಾವಲನ್ನು ದಾಟಿ ಕಾರ್ಖಾನೆಯ ಊರುಗಳಿಗೆ ಹರಿದು, ಕಪ್ಪಿನ ಪಂದ್ಯಗಳು ಹುಟ್ಟಿ, ಪ್ರೇಕ್ಷಕರು ದುಡ್ಡು ಕೊಟ್ಟು ಒಳಬರತೊಡಗಿದ ಮೇಲೆ, ಈ ವಿಶ್ವಾಸವು ಬಹುಕಾಲ ನಿಲ್ಲಲಿಲ್ಲ. ಮೊದಲು ಪ್ರತಿಯೊಂದು ತಂಡವೂ ತನ್ನ ಪರವಾಗಿ ಒಬ್ಬೊಬ್ಬ ಅಂಪೈರನ್ನು ನೇಮಿಸಿಕೊಂಡಿತು. ಸ್ವಪಕ್ಷದ ಅಂಪೈರುಗಳು ಒಮ್ಮತಕ್ಕೆ ಬರುವುದು ದುರ್ಲಭವೆಂದು ಕಂಡುದರಿಂದ, ಅವರಿಬ್ಬರ ವಿವಾದವನ್ನು ತೀರ್ಮಾನಿಸಲು ಗೆರೆಯಾಚೆ ಮೂರನೆಯವನೊಬ್ಬನನ್ನು ನಿಲ್ಲಿಸಲಾಯಿತು. ಆಟಗಾರರು ಮೊರೆಯಿಟ್ಟಲ್ಲದೆ ಅಂಪೈರು ಬಾಯಿ ತೆರೆಯುವಂತಿರಲಿಲ್ಲ. ಅಂಪೈರುಗಳು ಕೇಳಿದಲ್ಲದೆ ಗೆರೆಯಾಚೆಯವನು ಮಾತನಾಡುವಂತಿರಲಿಲ್ಲ. ಇಂದಿನ ರೆಫರಿಯ ಪೂರ್ವಜನು ಈ ಮೂಕಸಾಕ್ಷಿ.

ಈ ವ್ಯವಸ್ಥೆಗೆ ಅಂತ್ಯ ಬಂದುದು 1891ರ ಜೂನ್ 2ರಂದು, ಗ್ಲಾಸ್ಗೋ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ನಿಯಮಮಂಡಲಿಯ ಸಭೆಯಲ್ಲಿ. ಐರ್ಲೆಂಡಿನ ಮಿಲ್‌ಫರ್ಡ್ ಎಂಬ ಹಳ್ಳಿಯ ಗೋಲ್‌ಕೀಪರನೂ ನಾರುಬಟ್ಟೆಯ ಗಿರಣಿಯ ಮನೆತನದವನೂ ಆದ ವಿಲಿಯಂ ಮೆಕ್‌ಕ್ರಂ ಎಂಬಾತನು ಸೂಚಿಸಿದ್ದ ಪೆನಾಲ್ಟಿ ಒದೆತವನ್ನು ಆ ಸಭೆ ಅಂಗೀಕರಿಸಿತು. ಸಭ್ಯರಾದವರು ಬುದ್ಧಿಪೂರ್ವಕವಾಗಿ ಮೋಸ ಮಾಡುವರೆಂದು ಊಹಿಸುವುದೇ ಅವಮಾನಕರವೆಂಬ ಪ್ರತಿಭಟನೆಯೂ ಎದ್ದಿತು. ಆ ಗದ್ದಲದಲ್ಲಿ ಅದಕ್ಕಿಂತಲೂ ದೂರಗಾಮಿಯಾದ ಇನ್ನೊಂದು ಬದಲಾವಣೆ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಗೆರೆಯಾಚೆ ನಿಂತಿದ್ದವನನ್ನು ಮೈದಾನದೊಳಕ್ಕೆ ಕರೆತಂದು, ಅಂಪೈರುಗಳನ್ನು ಲೈನ್ಸ್‌ಮನ್ನರನ್ನಾಗಿ ಗೆರೆಗೆ ಕಳುಹಿಸಿದುದೇ ಆ ಬದಲಾವಣೆ. ಮುಂದೆ ಕೆಲವೇ ವರ್ಷಗಳಲ್ಲಿ ಆಟಗಾರರ ಮೊರೆಗಾಗಿ ಕಾಯುವ ಪದ್ಧತಿಯೂ ಅಳಿದು, ಕಂಡುದನ್ನು ಕಂಡಾಗಲೇ ತೀರ್ಮಾನಿಸುವ ಪೂರ್ಣಾಧಿಕಾರವು ಏಕವ್ಯಕ್ತಿಯ ಪಾಲಿಗೆ ಬಂದಿತು.

ಅಧಿಕಾರವು ಬಂದಷ್ಟು ಶೀಘ್ರವಾಗಿ ಅರ್ಹತೆಯು ಬರಲಾರದಷ್ಟೆ. ಊರಿನಲ್ಲಿ ನಾಲ್ಕು ಜನಕ್ಕೆ ಪರಿಚಿತನೂ ಮಾನವಂತನೂ ಆದವನು ಸಿಕ್ಕರೆ, ಅಥವಾ ಆಟವನ್ನು ಬಿಟ್ಟ ಹಳಬನೊಬ್ಬನು ಒಪ್ಪಿದರೆ, ಅವನ ಕೈಗೆ ಸೀಟಿಯನ್ನು ಕೊಡುತ್ತಿದ್ದ ಕಾಲ ಅದು. ಆಫ್‌ಸೈಡಿನ ನಿಯಮವನ್ನು ಆತನು ಎಂದಾದರೂ ಓದಿದ್ದನೇ ಎಂದು ವಿಚಾರಿಸುವ ಏರ್ಪಾಡೇ ಇರಲಿಲ್ಲ. ಹೊಸ ಅಧಿಕಾರದ ಭಾರವನ್ನು ಮೊದಲು ಮನಗಂಡವರು ಅದನ್ನು ಹೊರಬೇಕಾಗಿದ್ದವರೇ. 1893ರಲ್ಲಿ ಲಂಡನ್ನಿನ ರೆಫರಿಗಳು ಒಟ್ಟುಗೂಡಿ ಸ್ಥಾಪಿಸಿದ ಸಂಘವು ರೆಫರಿಗಳ ಪ್ರಥಮ ಸಂಘವೆಂದು ಚರಿತ್ರೆಯಲ್ಲಿ ದಾಖಲಾಗಿದೆ. ಆ ಸಂಘದ ಮುಖ್ಯಕಾರ್ಯ ರೆಫರಿಯಾಗಬಯಸುವವರನ್ನು ಮೌಖಿಕವಾಗಿ ಪರೀಕ್ಷಿಸುವುದಾಗಿತ್ತು. ಸಂಭಾವನೆಯನ್ನು ಹೆಚ್ಚಿಸಿಕೊಳ್ಳಲಿಕ್ಕೋ ಗೌರವಸ್ಥಾನವನ್ನು ಕೇಳಲಿಕ್ಕೋ ಸಂಘ ಕಟ್ಟುವುದು ಲೋಕರೂಢಿ. ತಮಗೆ ಪರೀಕ್ಷೆಯಿರಲಿ, ಪರೀಕ್ಷೆಯಲ್ಲಿ ತೇರ್ಗಡೆಯಾಗದವನು ಸೀಟಿ ಹಿಡಿಯದಿರಲಿ ಎಂಬ ಬಯಕೆಯಿಂದ ಕಟ್ಟಿದ ಸಂಘವು ವೃತ್ತಿಗಳ ಚರಿತ್ರೆಯಲ್ಲಿಯೇ ಅಪರೂಪವೆಂದು ನನಗೆ ತೋರುತ್ತದೆ. ಲಂಡನ್ನಿನ ಮೇಲ್ಪಂಕ್ತಿಯನ್ನು ಅನುಸರಿಸಿ ಕೌಂಟಿಗಳಲ್ಲಿ ಅಂತಹವೇ ಸಂಘಗಳು ಹುಟ್ಟಿ, 1908ರ ವೇಳೆಗೆ ಅವೆಲ್ಲವನ್ನೂ ಕೂಡಿಸುವ ರಾಷ್ಟ್ರೀಯ ಸಂಘಟನೆಯೊಂದು ರೂಪುಗೊಂಡಿತು.

ಈ ಸಂಘಟನೆಯ ಕಾಲದ ಇಬ್ಬರನ್ನು ಇಲ್ಲಿ ಹೆಸರಿಸದಿದ್ದರೆ ಲೇಖನವು ಅಪೂರ್ಣವಾದೀತು. ಬೋರ್ನ್‌ಮತ್ ಪಟ್ಟಣದ ಪತ್ರಕರ್ತ ವಿಲಿಯಂ ಪಿಕ್‌ಫರ್ಡ್ ಹ್ಯಾಂಪ್‌ಷೈರ್ ಪ್ರಾಂತದ ಫುಟ್‌ಬಾಲಿಗೆ ಜೀವಮಾನವನ್ನೇ ಮುಡಿಪಾಗಿಟ್ಟು, ರೆಫರಿಗಳಿಗೆಂದೇ ಕೈಪಿಡಿಯನ್ನು ಬರೆದು, ನಿಯಮಗಳನ್ನು ಸಾಮಾನ್ಯನಿಗೂ ತಿಳಿಯುವ ಕ್ರಮದಲ್ಲಿ ಜೋಡಿಸಿಕೊಟ್ಟು, ವೃದ್ಧಾಪ್ಯದಲ್ಲಿ, 1937ರಲ್ಲಿ, ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷಪದವಿಗೇರಿದವರು. ಚಾರ್ಲ್ಸ್ ಸಟ್‌ಕ್ಲಿಫ್ ಲ್ಯಾಂಕಾಷೈರಿನ ವಕೀಲರು. ಬರ್ನ್‌ಲಿ ತಂಡದಲ್ಲಿ ಆಡಿ, ಅನಂತರ ಸೀಟಿ ಹಿಡಿದು, ಕೊನೆಗೆ ಫುಟ್‌ಬಾಲ್ ಲೀಗಿನ ಆಡಳಿತದಲ್ಲಿ ಅತ್ಯಂತ ಪ್ರಭಾವಶಾಲಿಯಾದವರು. ಸಂಡರ್‌ಲೆಂಡಿನಲ್ಲಿ ಒಮ್ಮೆ ಕುಪಿತರಾದ ಜನರಿಂದ ಪಾರಾಗಲು ಪೊಲೀಸಿನವನ ವೇಷವನ್ನು ಧರಿಸಿ ಅವರು ಮೈದಾನವನ್ನು ಬಿಡಬೇಕಾಯಿತೆಂಬ ಪ್ರಸಂಗವನ್ನು ಅವರ ಚರಿತ್ರೆಯನ್ನು ಹೇಳುವವರೆಲ್ಲ ಹೇಳುತ್ತಾರೆ. ಅಂತಹ ಸಂಜೆಯನ್ನು ಕಂಡವರು 1908ರ ಸಂಘಟನೆಗೆ ಮುಂದಾಳಾದುದು ಸಹಜವೇ ಆಗಿದೆ. ಒಂಟಿಯಾಗಿ ನಿಂತ ರೆಫರಿಗೆ ಒಂದು ಬಳಗವು ಅವಶ್ಯವೆಂಬುದನ್ನು ಅವರಿಗೆ ಬೇರೆಯವರು ಬೋಧಿಸಬೇಕಾಗಿರಲಿಲ್ಲ.

ಆ ಸಂಘಗಳು ನೆಲೆಗೊಳಿಸಿದ ಶಿಕ್ಷಣಕ್ರಮವು ಅರ್ಧಶತಮಾನಕ್ಕೂ ಮೀರಿ ಬಹುಮಟ್ಟಿಗೆ ಹಾಗೆಯೇ ನಡೆದುಬಂದಿತು. ಅಭ್ಯರ್ಥಿಯು ಕೆಲವು ವಾರಗಳ ಕಾಲ ಸಾಯಂಕಾಲದ ತರಗತಿಗೆ ಹಾಜರಾಗುವನು. ಹಿರಿಯ ರೆಫರಿಯೊಬ್ಬನು ನಿಯಮಗಳನ್ನು ಒಂದೊಂದಾಗಿ ವಿವರಿಸುವನು. ಹಲಗೆಯ ಮೇಲೆ ಆಟಗಾರರ ಗುರುತುಗಳನ್ನಿರಿಸಿ, ಚೆಂಡು ಇಲ್ಲಿಂದ ಹೊರಟಾಗ ಈತನು ಇಲ್ಲಿದ್ದರೆ ಆಫ್‌ಸೈಡೋ ಅಲ್ಲವೋ ಎಂದು ಕೇಳುವನು. ಕಣ್ಣಿನ ತಪಾಸಣೆಯೂ ಆಗತಕ್ಕದ್ದು. ಎರಡು ತಂಡಗಳ ಅಂಗಿಯ ಬಣ್ಣಗಳನ್ನು ಬೇರ್ಪಡಿಸಿ ಕಾಣಲಾರದವನಿಗೆ ಉಳಿದ ಪಾಂಡಿತ್ಯವೆಲ್ಲ ನಿರುಪಯುಕ್ತವಲ್ಲವೆ! ಇಷ್ಟರಲ್ಲಿ ಉತ್ತೀರ್ಣನಾದವನು ಮೂರನೆಯ ದರ್ಜೆಯ ರೆಫರಿ. ಸ್ಥಳೀಯ ಲೀಗಿನಲ್ಲಿ ಒಂದೆರಡು ಋತುಗಳನ್ನು ಕಳೆದು, ಕೌಂಟಿಯವರಿಗೆ ತೃಪ್ತಿಯಾದರೆ ಎರಡನೆಯ ದರ್ಜೆ, ಅನಂತರ ಒಂದನೆಯದು. ಅಲ್ಲಿಂದಾಚೆಗೆ ದೊಡ್ಡ ಲೀಗುಗಳ ಲೈನ್ಸ್‌ಮನ್ನನಾಗಿ ಧ್ವಜ ಹಿಡಿದು, ತನ್ನ ಸರದಿ ಬಂದಾಗ ನಡುಮೈದಾನಕ್ಕೆ ಸಲ್ಲುವುದು. ಇಂದು ಅದೇ ಇಂಗ್ಲೆಂಡಿನಲ್ಲಿ ದರ್ಜೆಗಳು ಹೆಚ್ಚಾಗಿವೆ, ಅವುಗಳ ಸಂಖ್ಯೆಗಳು ಬದಲಾಗಿವೆ, ಹದಿನಾಲ್ಕು ವರ್ಷದ ಬಾಲಕ ಬಾಲಿಕೆಯರೂ ತರಗತಿಗೆ ಸೇರಬಹುದಾಗಿದೆ. ಆದರೆ ಕೆಳಗಿನ ಮೆಟ್ಟಲಲ್ಲಿ ನಿಂತು ಮೇಲಿನದನ್ನು ಸಂಪಾದಿಸಿಕೊಳ್ಳಬೇಕೆಂಬ ತತ್ತ್ವ ಮಾತ್ರ ಅಚಲವಾಗಿ ನಿಂತಿದೆ.

ತರಗತಿಯಲ್ಲಿ ದೊರೆಯುವುದು ವಿದ್ಯೆಯ ಪೂರ್ವಾರ್ಧ ಮಾತ್ರ. ಉತ್ತರಾರ್ಧವನ್ನು ಕಲಿಸುವುದು ಮೊದಲನೆಯ ವರ್ಷದ ಮೈದಾನಗಳು. ಹೊಸ ರೆಫರಿಗೆ ದೊರೆಯುವುದು ಊರಹೊರಗಿನ ಏರುತಗ್ಗಿನ ಬಯಲು, ಅರ್ಧ ಅಳಿಸಿದ ಸುಣ್ಣದ ಗೆರೆ, ಹೊತ್ತಿಗೆ ಸರಿಯಾಗಿ ಬಾರದ ತಂಡಗಳು, ಗೆರೆಯುದ್ದಕ್ಕೂ ನಿಂತು ತಮ್ಮ ಮಗನ ಮೇಲೆ ಲೋಕವೆಲ್ಲ ದ್ವೇಷ ಸಾಧಿಸುತ್ತಿದೆಯೆಂದು ನಂಬಿದ ತಂದೆತಾಯಿಯರು. ತಟಸ್ಥ ಲೈನ್ಸ್‌ಮನ್ನರೆಂಬವರು ಆ ಮಟ್ಟದಲ್ಲಿ ಇರುವುದಿಲ್ಲ. ಪ್ರತಿ ಕ್ಲಬ್ಬಿನಿಂದ ಒಬ್ಬೊಬ್ಬನು ಧ್ವಜ ಹಿಡಿದು ನಿಲ್ಲುವನು, ಚೆಂಡು ಗೆರೆಯಾಚೆ ಹೋದುದನ್ನು ಸೂಚಿಸುವುದಕ್ಕೆ ಮಾತ್ರ ಆತನನ್ನು ನೆಚ್ಚಬಹುದು. ಹೀಗಾಗಿ ಆಫ್‌ಸೈಡನ್ನು ನಡುಮೈದಾನದಿಂದಲೇ ಕಂಡುಹಿಡಿಯಬೇಕಾದ ಕಠಿನಕಾರ್ಯವು, ಅಂತರರಾಷ್ಟ್ರೀಯ ಪಂದ್ಯದಲ್ಲಿ ಧ್ವಜಧಾರಿಗಳಿಬ್ಬರ ಸಹಾಯದಿಂದ ನಡೆಯತಕ್ಕ ಕಾರ್ಯವು, ಅತ್ಯಂತ ಅನನುಭವಿಯಾದವನ ತಲೆಯ ಮೇಲೆ ಏಕಾಕಿಯಾಗಿ ಬೀಳುತ್ತದೆ. ಈ ವಿದ್ಯೆಯ ವಿಚಿತ್ರವೇ ಇದು: ಬೇರೆಲ್ಲ ಕಡೆಯೂ ಸುಲಭದಿಂದ ಕಠಿನಕ್ಕೆ ಶಿಷ್ಯನನ್ನು ಒಯ್ಯುವರು, ಇಲ್ಲಿ ಅತಿ ಕಡಮೆ ನೆರವಿನ ಪಂದ್ಯವೇ ಮೊದಲ ಪಾಠ.

ಆ ಪಾಠದ ವಿವರಗಳು ಹೊರಗಿನವರಿಗೆ ಅಲ್ಪವೆಂದು ತೋರಬಹುದು. ಆಟಕ್ಕೆ ಮುಂಚೆ ಬಲೆಯ ಕಟ್ಟುಗಳನ್ನು ಎಳೆದು ನೋಡಬೇಕು, ಆಟಗಾರರ ಬೂಟಿನ ಅಡಿಯ ಮೊಳೆಗಳನ್ನು ಮುಟ್ಟಿ ಪರೀಕ್ಷಿಸಬೇಕು, ಚೆಂಡಿನ ಸುತ್ತಳತೆಯು 68ರಿಂದ 70 ಸೆಂಟಿಮೀಟರಿನೊಳಗೂ ತೂಕವು 410ರಿಂದ 450 ಗ್ರಾಮಿನೊಳಗೂ ಇರುವುದೆಂಬುದನ್ನು ಕೈಯಂದಾಜಿನಿಂದಲಾದರೂ ನಿಶ್ಚಯಿಸಿಕೊಳ್ಳಬೇಕು. ಸೀಟಿಯ ಧ್ವನಿಯಲ್ಲಿಯೂ ತಾರತಮ್ಯವುಂಟು: ಚೆಂಡು ಗೆರೆ ದಾಟಿದುದಕ್ಕೆ ಹ್ರಸ್ವವಾದ ಮೃದುನಾದ, ಅಪಾಯಕರವಾದ ಒದೆತಕ್ಕೆ ದೀರ್ಘವೂ ತೀವ್ರವೂ ಆದ ನಾದ, ಎಲ್ಲಕ್ಕೂ ಒಂದೇ ರೀತಿ ಊದುವವನ ಮಾತನ್ನು ಅರ್ಧ ಗಂಟೆಯಾದ ಮೇಲೆ ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ದುಸ್ಸಾಧ್ಯವಾದುದು ಸೀಟಿಯನ್ನು ಊದದೆ ಇರುವ ವಿದ್ಯೆ. ತಪ್ಪು ನಡೆದಿದ್ದರೂ, ಆಟವನ್ನು ನಿಲ್ಲಿಸಿದರೆ ತಪ್ಪು ಮಾಡಿದವನಿಗೇ ಲಾಭವಾಗುವುದಾದರೆ, ಎರಡೂ ತೋಳುಗಳನ್ನು ಮುಂದಕ್ಕೆ ಚಾಚಿ ಆಟವನ್ನು ಮುಂದುವರಿಯಗೊಡಬೇಕು. ಆ ಕ್ಷಣದಲ್ಲಿ ಮುಂದಿನ ಎರಡು ಮೂರು ಒದೆತಗಳನ್ನು ಊಹಿಸಬಲ್ಲ ಶಕ್ತಿ ಬೇಕು. ಊಹೆ ಹುಸಿಯಾದರೆ ಕೆಲವು ಕ್ಷಣಗಳೊಳಗೇ ಹಿಂದಿರುಗಿ ತಪ್ಪಿಗೆ ಶಿಕ್ಷೆ ವಿಧಿಸುವ ಧೈರ್ಯವೂ ಬೇಕು. ನಿಯಮಪುಸ್ತಕವನ್ನು ಕಂಠಪಾಠ ಮಾಡಿದ ಬುದ್ಧಿವಂತನಿಗೂ ಇದು ಕೂಡಲೇ ಲಭ್ಯವಾಗುವುದಿಲ್ಲ. ಈಜನ್ನು ನೀರಿನಲ್ಲಿಯೇ ಕಲಿಯುವಂತೆ ಇದನ್ನು ಆಟದ ನಡುವೆಯೇ ಕಲಿಯಬೇಕು. ಪಂದ್ಯವು ಮುಗಿದ ರಾತ್ರಿಯ ಕೆಲಸ ಇನ್ನೊಂದುಂಟು. ಆಟಗಾರನನ್ನು ಹೊರಹಾಕಿದ್ದರೆ ಅದರ ವರದಿಯನ್ನು ಬರೆದು ಕಳುಹಿಸತಕ್ಕದ್ದು: ಏನು ಕಂಡೆ, ಎಷ್ಟು ದೂರದಿಂದ ಕಂಡೆ, ಆತನು ಆಡಿದ ಮಾತು ಅಕ್ಷರಶಃ ಯಾವುದು, ಊಹೆಯೂ ಕೋಪವೂ ವಿಶೇಷಣಗಳೂ ಅಲ್ಲಿ ಸಲ್ಲವು. ಒಳ್ಳೆಯ ರೆಫರಿ ವರದಿಯನ್ನು ನಾನು ಗದ್ಯಲೇಖನದ ಉತ್ತಮ ಮಾದರಿಗಳಲ್ಲಿ ಒಂದೆಂದೇ ಗಣಿಸುತ್ತೇನೆ.

ಹವ್ಯಾಸಿಯ ಕೈಗೆ ಶಾಸ್ತ್ರವನ್ನು ಕೊಟ್ಟ ಮಹನೀಯರು ಸ್ಟ್ಯಾನ್ಲಿ ರೌಸ್. 1895ರಲ್ಲಿ ಸಫೋಕ್ ಪ್ರಾಂತದ ಮಟ್‌ಫರ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳದಲ್ಲಿ ಸೇವೆ ಸಲ್ಲಿಸಿ, ಅನಂತರ ವಾಟ್‌ಫರ್ಡ್ ಗ್ರಾಮರ್ ಶಾಲೆಯಲ್ಲಿ ಅಧ್ಯಾಪಕರಾದ ಇವರು, ಮಣಿಕಟ್ಟಿನ ಪೆಟ್ಟಿನಿಂದ ಗೋಲ್‌ಕೀಪಿಂಗನ್ನು ಬಿಡಬೇಕಾಗಿ ಬಂದಾಗ ಸೀಟಿಯನ್ನು ಹಿಡಿದವರು. ಮಕ್ಕಳಿಗೆ ಪಾಠ ಹೇಳುವವರ ಕ್ರಮಬದ್ಧ ಬುದ್ಧಿಯಿಂದ ಅವರು ಮೈದಾನವನ್ನು ನೋಡಿದರು. ಆಗಿನ ರೆಫರಿಗಳು ಆಟವು ಎಳೆದತ್ತ ಓಡುತ್ತಿದ್ದರು; ಲೈನ್ಸ್‌ಮನ್ನನಿರುವ ಗೆರೆಯ ಬಳಿಯೇ ರೆಫರಿಯೂ ಇದ್ದು, ಆಚೆಯ ಮೂಲೆಯಲ್ಲಿ ನಡೆದುದನ್ನು ಯಾರೂ ಕಾಣದಂತಾಗುತ್ತಿತ್ತು. ರೌಸರು ಮೈದಾನದ ಒಂದು ಮೂಲೆಯಿಂದ ಎದುರು ಮೂಲೆಗೆ ಕರ್ಣರೇಖೆಯೊಂದನ್ನು ಮನಸ್ಸಿನಲ್ಲಿ ಎಳೆದು, ರೆಫರಿಯು ಆ ರೇಖೆಯ ಆಸುಪಾಸಿನಲ್ಲಿ ಚಲಿಸತಕ್ಕದ್ದೆಂದೂ, ಇಬ್ಬರು ಲೈನ್ಸ್‌ಮನ್ನರು ಆ ರೇಖೆಯಿಂದ ದೂರವಾದ ಅರ್ಧಾರ್ಧ ಗೆರೆಗಳನ್ನು ಕಾಯತಕ್ಕದ್ದೆಂದೂ ಗೊತ್ತುಮಾಡಿದರು. ಹಾಗೆ ಮಾಡಿದರೆ ಚೆಂಡು ಎಲ್ಲಿಯೇ ಇರಲಿ, ಅದು ಸದಾ ರೆಫರಿ ಮತ್ತು ಒಬ್ಬ ಲೈನ್ಸ್‌ಮನ್ನನ ದೃಷ್ಟಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಇಂದಿಗೂ ಪ್ರಪಂಚದ ಯಾವ ಊರಿನಲ್ಲಾದರೂ ಹೊಸಬನಿಗೆ ನಿಲ್ಲುವ ಜಾಗವನ್ನು ಕಲಿಸುವಾಗ ಮೊದಲು ಎಳೆಯುವುದು ಈ ಕರ್ಣರೇಖೆಯನ್ನೇ.

1934ರ ಏಪ್ರಿಲ್ 28ರಂದು ಮ್ಯಾಂಚೆಸ್ಟರ್ ಸಿಟಿ ಪೋರ್ಟ್ಸ್‌ಮತ್ ತಂಡವನ್ನು 2–1ರಿಂದ ಸೋಲಿಸಿದ ಎಫ್.ಎ. ಕಪ್ ಅಂತಿಮ ಪಂದ್ಯವನ್ನು ನಿರ್ವಹಿಸಿ, ಅದೇ ವರ್ಷ ರೌಸರು ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾದರು. ಎಪ್ಪತ್ತು ವರ್ಷಗಳ ತಿದ್ದುಪಡಿಗಳಿಂದ ಗೋಜಲಾಗಿದ್ದ ನಿಯಮಗಳನ್ನೆಲ್ಲ ಬಿಡಿಸಿ, ಹದಿನೇಳು ನಿಯಮಗಳ ಸುಸಂಬದ್ಧ ಸಂಹಿತೆಯಾಗಿ ಅವರು ಬರೆದುಕೊಟ್ಟುದನ್ನು 1938ರಲ್ಲಿ ಅಂಗೀಕರಿಸಲಾಯಿತು; 1997ರ ಪರಿಷ್ಕರಣದವರೆಗೂ ಸುಮಾರು ಆರು ದಶಕಗಳ ಕಾಲ ಪ್ರಪಂಚದ ಆಟವೆಲ್ಲ ಆ ಗದ್ಯದ ಆಧಾರದ ಮೇಲೆಯೇ ನಡೆಯಿತು. ಹದಿನೇಳೆಂಬ ಸಂಖ್ಯೆ ಇಂದಿಗೂ ಬದಲಾಗಿಲ್ಲ. ರೆಫರಿಗಳು ತಮ್ಮತಮ್ಮಲ್ಲಿ ಹದಿನೆಂಟನೆಯ ನಿಯಮವೊಂದಿದೆಯೆಂದು ಹೇಳಿಕೊಳ್ಳುವರು; ಪುಸ್ತಕದಲ್ಲಿಲ್ಲದ ಆ ನಿಯಮ ವಿವೇಕ. ರೌಸರು 1961ರಿಂದ 1974ರವರೆಗೆ ಫಿಫಾ ಅಧ್ಯಕ್ಷರೂ ಆದರು. ಆ ಅಧಿಕಾರಾವಧಿಯಲ್ಲಿ, ವಿಶೇಷವಾಗಿ ದಕ್ಷಿಣ ಆಫ್ರಿಕದ ವಿಷಯದಲ್ಲಿ, ಅವರು ತಳೆದ ನಿಲುವುಗಳನ್ನು ನಾನು ಸಮರ್ಥಿಸಲಾರೆ. ಅವರ ಕರ್ಣರೇಖೆಗೂ ಸಂಹಿತೆಗೂ ಸಲ್ಲತಕ್ಕ ಕೃತಜ್ಞತೆಯು ಅದರಿಂದ ಕುಂದಬೇಕಾಗಿಯೂ ಇಲ್ಲ.

ಮೇಲಣ ದರ್ಜೆಗೆ ಏರುವ ಬಗೆಯನ್ನು ಕುರಿತು ಇನ್ನಷ್ಟು ಹೇಳಬೇಕಾಗಿದೆ, ಏಕೆಂದರೆ ಸಂಘಜೀವನದ ಸಾರವಿರುವುದು ಅಲ್ಲಿ. ಇಂಗ್ಲೆಂಡಿನ ಲೀಗುಗಳಲ್ಲಿ ಪ್ರತಿ ಪಂದ್ಯದ ಅನಂತರ ಎರಡು ಕ್ಲಬ್ಬುಗಳೂ ರೆಫರಿಗೆ ಅಂಕಗಳನ್ನು ಕೊಟ್ಟು ಕಳುಹಿಸುವ ಪದ್ಧತಿ ಬಹುಕಾಲದಿಂದ ಇದೆ. ಗೆದ್ದವರು ಧಾರಾಳಿಗಳಾಗಿಯೂ ಸೋತವರು ಕೃಪಣರಾಗಿಯೂ ಇರುವುದು ಮನುಷ್ಯಸ್ವಭಾವವಾದುದರಿಂದ, ಒಂದು ಪಂದ್ಯದ ಅಂಕಕ್ಕೆ ಬೆಲೆಯಿಲ್ಲ. ಇಡೀ ಋತುವಿನ ಸರಾಸರಿಗೆ ಬೆಲೆಯುಂಟು. ಈ ನ್ಯೂನತೆಯನ್ನು ತುಂಬಲೆಂದು ಬಂದ ವೀಕ್ಷಕನು ತಾನೂ ಹಿಂದೆ ರೆಫರಿಯಾಗಿದ್ದವನು. ಗೆರೆಯಾಚೆ ಟಿಪ್ಪಣಿಪುಸ್ತಕವನ್ನು ಹಿಡಿದು ನಿಂತು, ಇಷ್ಟನೆಯ ನಿಮಿಷದಲ್ಲಿ ನೀನು ಇಲ್ಲಿ ನಿಂತಿದ್ದೆ, ಹತ್ತು ಗಜ ಬಲಕ್ಕಿದ್ದಿದ್ದರೆ ಆ ಕೈತಾಕು ಕಾಣಿಸುತ್ತಿತ್ತು ಎಂದು ಪಂದ್ಯದ ಅನಂತರ ಹೇಳುವನು. ಸಾವಿರ ಜನರ ನಿಂದೆಯಿಂದ ಕಲಿಯಲಾಗದುದನ್ನು ಈ ಒಂದು ವಾಕ್ಯದಿಂದ ಕಲಿಯಬಹುದು. ತನ್ನನ್ನು ಯಾರೂ ನೋಡದಿರಲಿ ಎಂದು ಬಯಸುವ ರೆಫರಿಯು ಕೆಳಗಿನ ದರ್ಜೆಯಲ್ಲಿಯೇ ಉಳಿಯುವನು. ವೀಕ್ಷಕನನ್ನು ಕಳುಹಿಸಿಕೊಡಿರೆಂದು ಸಂಘಕ್ಕೆ ತಾನಾಗಿಯೇ ಬರೆಯುವವನು ಮೇಲಕ್ಕೇರುವನು. ಪ್ರತಿಭೆಗಿಂತಲೂ ಈ ಮನೋಧರ್ಮವೇ ಏಳಿಗೆಯನ್ನು ನಿರ್ಧರಿಸುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ದೇಹಶಕ್ತಿಯ ಪರೀಕ್ಷೆಯೂ ಕಾಲಕಾಲಕ್ಕೆ ಬಿಗಿಯಾಗುತ್ತ ಬಂದಿದೆ. ಹನ್ನೆರಡು ನಿಮಿಷಗಳಲ್ಲಿ ಎಷ್ಟು ದೂರ ಓಡಬಲ್ಲೆಯೆಂದು ಕೇಳುತ್ತಿದ್ದ ಕೂಪರ್ ಪರೀಕ್ಷೆ ಒಂದು ಕಾಲಕ್ಕೆ ಸರ್ವತ್ರ ರೂಢಿಯಲ್ಲಿತ್ತು. ಪಂದ್ಯದಲ್ಲಿ ಯಾರೂ ಒಂದೇ ವೇಗದಲ್ಲಿ ಓಡುವುದಿಲ್ಲವೆಂಬುದನ್ನು ಗಮನಿಸಿ, ಅನಂತರ ವೇಗದ ಓಟಗಳನ್ನೂ ವಿರಾಮದ ನಡಿಗೆಗಳನ್ನೂ ಬೆರೆಸಿದ ಪರೀಕ್ಷೆ ಜಾರಿಗೆ ಬಂದಿತು: 40 ಮೀಟರುಗಳ ಆರು ಓಟಗಳು, ಆಮೇಲೆ 75 ಮೀಟರನ್ನು 15 ಸೆಕೆಂಡಿನಲ್ಲಿ ಓಡಿ 25 ಮೀಟರನ್ನು ನಡೆದು, ಅದನ್ನೇ ನಲವತ್ತು ಸಲ ಆವರ್ತಿಸುವುದು. ದಿನವಿಡೀ ಮೇಜಿನ ಮುಂದೆ ಕುಳಿತವನು ಇದಕ್ಕೆ ಸಿದ್ಧನಾಗಬೇಕಾದರೆ ಮುಂಜಾವದ ನಿದ್ರೆಯನ್ನು ತ್ಯಜಿಸುವುದೊಂದೇ ಮಾರ್ಗ.

ಅನ್ಯವೃತ್ತಿಯಿಂದ ಜೀವಿಸುತ್ತ ಈ ಮಾರ್ಗದಲ್ಲಿ ಶಿಖರವನ್ನು ಮುಟ್ಟಿದವರ ಉದಾಹರಣೆಗಳಿಗೆ ಕೊರತೆಯಿಲ್ಲ. 1950ರ ಜುಲೈ 16ರಂದು ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ ಬ್ರೆಜಿಲನ್ನು ಸೋಲಿಸಿ ವಿಶ್ವಕಪ್ಪನ್ನು ಗೆದ್ದ ನಿರ್ಣಾಯಕ ಪಂದ್ಯದ ರೆಫರಿ ಜಾರ್ಜ್ ರೀಡರ್ ಶಾಲಾ ಉಪಾಧ್ಯಾಯರು. ಆಗ ಅವರಿಗೆ 53 ವರ್ಷ. 1974ರ ಅಂತಿಮ ಪಂದ್ಯದ ಆರಂಭದಲ್ಲಿಯೇ, ಪಶ್ಚಿಮ ಜರ್ಮನಿಯ ಆಟಗಾರರು ಚೆಂಡನ್ನು ಮುಟ್ಟುವುದಕ್ಕೂ ಮುನ್ನ, ಅವರದೇ ನೆಲದಲ್ಲಿ ಅವರ ವಿರುದ್ಧ ಪೆನಾಲ್ಟಿಯನ್ನಿತ್ತ ಜ್ಯಾಕ್ ಟೇಲರ್ ವುಲ್ವರ್‌ಹ್ಯಾಂಪ್ಟನ್ನಿನ ಮಾಂಸದ ವ್ಯಾಪಾರಿ. ಕೆನ್ ಆಸ್ಟನ್ನರೂ ಶಾಲಾಧ್ಯಾಪಕರೇ. 1962ರಲ್ಲಿ ಚಿಲಿ ಮತ್ತು ಇಟಲಿ ತಂಡಗಳು ಸ್ಯಾಂಟಿಯಾಗೊದಲ್ಲಿ ನಡೆಸಿದ ಹೊಡೆದಾಟದ ನಡುವೆ ರೆಫರಿಯಾಗಿ ನಿಂತು ನೊಂದವರು ಅವರು. 1966ರಲ್ಲಿ ವೆಂಬ್ಲಿಯಲ್ಲಿ ಜರ್ಮನಿಯ ರೆಫರಿ ಹೊರಹೋಗೆಂದುದು ಅರ್ಜೆಂಟೀನದ ನಾಯಕ ರಾಟಿನ್‌ಗೆ ಅರ್ಥವಾಗದೆ, ಅಥವಾ ಅರ್ಥವಾಗಲಿಲ್ಲವೆಂದು ತೋರಿಸಿಕೊಂಡು, ಆಟವು ಬಹುಹೊತ್ತು ನಿಂತುದನ್ನು ಕಂಡು ಮರಳುವ ದಾರಿಯಲ್ಲಿ ಕೆನ್ಸಿಂಗ್ಟನ್ ಹೈ ಸ್ಟ್ರೀಟಿನ ಸಂಚಾರದೀಪಗಳನ್ನು ನೋಡಿ ಹಳದಿ, ಕೆಂಪು ಕಾರ್ಡುಗಳನ್ನು ಕಲ್ಪಿಸಿದರು. 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಅವು ಬಳಕೆಗೆ ಬಂದವು. ನಾನು ಅದಕ್ಕಿಂತಲೂ ಹೆಚ್ಚಾಗಿ ಗೌರವಿಸುವುದು ಅವರ ಉತ್ತರಾಯುಷ್ಯವನ್ನು. ಅಮೆರಿಕದಲ್ಲಿ ಮಕ್ಕಳ ಪಂದ್ಯಗಳಿಗೆ ಸ್ವಯಂಸೇವಕರಾಗಿ ಸೀಟಿ ಹಿಡಿಯುವ ತಂದೆತಾಯಿಯರಿಗೆ, ಆಫ್‌ಸೈಡಿನ ಅರಿವೇ ಇಲ್ಲದವರಿಗೆ, ಅವರು ವರ್ಷಾನುವರ್ಷ ತಾಳ್ಮೆಯಿಂದ ಪಾಠ ಹೇಳಿದರು.

ಆದರೆ ಈ ಸಂಘಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಬರೆಯದಿದ್ದರೆ ಚರಿತ್ರೆಗೆ ಅಪಚಾರವಾದೀತು. ಡಾರ್ಸೆಟ್ ಪ್ರಾಂತದ ಪ್ಯಾಟ್ ಡನ್ ಎಂಬ ಮಹಿಳೆ 1960ರ ದಶಕದಲ್ಲಿಯೇ ರೆಫರಿ ಪರೀಕ್ಷೆಯಲ್ಲಿ ಉತ್ತೀರ್ಣರಾದರೂ, ಸ್ತ್ರೀಯೆಂಬ ಒಂದೇ ಕಾರಣದಿಂದ ಪುರುಷರ ಪಂದ್ಯಗಳಿಗೆ ಅವರನ್ನು ನೇಮಿಸಲು ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾಯಿದೆಯು 1975ರಲ್ಲಿ ಬಂದ ಮೇಲೆಯೇ ಆ ತಡೆ ಸಡಿಲವಾದುದು. ಅರ್ಹತೆಯನ್ನು ಪರೀಕ್ಷಿಸಲೆಂದು ಹುಟ್ಟಿದ ವ್ಯವಸ್ಥೆಯು ಪರೀಕ್ಷೆಯಲ್ಲಿ ಗೆದ್ದವರನ್ನೇ ಹೊರಗಿಟ್ಟ ಈ ಕಾಲಾವಧಿ ಅದರ ಕೀರ್ತಿಗೆ ಕಲಂಕ. 2022ರ ಡಿಸೆಂಬರ್ 1ರಂದು ಕೋಸ್ಟರಿಕ ಮತ್ತು ಜರ್ಮನಿಗಳ ನಡುವಣ ವಿಶ್ವಕಪ್ ಪಂದ್ಯವನ್ನು ಫ್ರಾನ್ಸಿನ ಸ್ತೆಫನಿ ಫ್ರಪಾರ್ ನಿರ್ವಹಿಸಿದಾಗ, ಪುರುಷರ ವಿಶ್ವಕಪ್ಪಿನಲ್ಲಿ ಮಹಿಳೆಯೊಬ್ಬರು ನಡುಮೈದಾನದಲ್ಲಿ ನಿಂತುದು ಅದೇ ಪ್ರಥಮ.

ನಮ್ಮ ದೇಶಕ್ಕೆ ಈ ವಿದ್ಯೆ ಬಂದುದು ಸೈನ್ಯದ ಹಿಂದೆ. 1888ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್ ಕಪ್, ಲಂಡನ್ನಿನ ರೆಫರಿ ಸಂಘ ಹುಟ್ಟಿದ 1893ರಲ್ಲಿಯೇ ಕಲ್ಕತ್ತೆಯಲ್ಲಿ ಐ.ಎಫ್.ಎ. ಶೀಲ್ಡ್, ಹೀಗೆ ಪಂದ್ಯಾವಳಿಗಳು ಒಂದರ ಹಿಂದೊಂದು ಮೊದಲಾದವು. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಸೈನಿಕರ ಆಟವನ್ನು ಗೆರೆಯಾಚೆ ನಿಂತು ನೋಡಿದ ಸ್ಥಳೀಯರು ಆಟವನ್ನು ತಮ್ಮದಾಗಿಸಿಕೊಂಡರು. 1937ರಲ್ಲಿಯೂ ಮರುವರ್ಷವೂ ಬೆಂಗಳೂರು ಮುಸ್ಲಿಮ್ಸ್ ತಂಡವು ರೋವರ್ಸ್ ಕಪ್ಪನ್ನು ಗೆದ್ದುದು ಆ ಸ್ವೀಕಾರದ ಪರಿಪಾಕ. ಅಖಿಲ ಭಾರತ ಫೆಡರೇಷನ್ ರೂಪುಗೊಂಡುದೂ 1937ರಲ್ಲಿಯೇ. ಮೈಸೂರು ಫುಟ್‌ಬಾಲ್ ಅಸೋಸಿಯೇಷನ್ 1946ರಲ್ಲಿ ಸ್ಥಾಪಿತವಾಗಿ, ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕ ರಾಜ್ಯ ಸಂಸ್ಥೆಯೆನಿಸಿತು. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ಪದೇ ಪದೇ ಗೆದ್ದ ದಶಕಗಳನ್ನು ಹಿರಿಯರು ಇಂದಿಗೂ ನೆನೆಯುವರು. 2023ರಲ್ಲಿ ಅರ್ಧಶತಮಾನದ ಅನಂತರ ಆ ಟ್ರೋಫಿ ಕರ್ನಾಟಕಕ್ಕೆ ಮರಳಿದುದನ್ನು ಕಿರಿಯರೂ ಕಂಡಿರುವರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರಗಳ ಗಲ್ಲಿಗಳಿಂದ ಬಂದ ಆಟಗಾರರ ಹೆಸರುಗಳು ಆ ನೆನಪಿನೊಳಗೆ ಸಲ್ಲುತ್ತವೆ. ಆ ಆಟಗಾರರಿಗೆ ಬಾಲ್ಯದಲ್ಲಿ ಆಫ್‌ಸೈಡನ್ನು ಕಲಿಸಿದ ಸೀಟಿಗಳೂ ಅದೇ ಗಲ್ಲಿಗಳವು.

ಇಂದು ನಮ್ಮಲ್ಲಿಯೂ ಕ್ರಮವು ಸ್ಥಿರವಾಗಿದೆ. ಜಿಲ್ಲೆಯ ಮಟ್ಟದಲ್ಲಿ ತರಗತಿ, ಲಿಖಿತ ಪರೀಕ್ಷೆ, ಓಟದ ಪರೀಕ್ಷೆ. ಉತ್ತೀರ್ಣನಾದವನಿಗೆ ಶಾಲಾಪಂದ್ಯಗಳು, ವಯೋಮಿತಿಯ ಪಂದ್ಯಗಳು, ಲೀಗಿನ ಕೆಳವಿಭಾಗಗಳು. ಅಲ್ಲಿಂದ ರಾಜ್ಯ, ರಾಜ್ಯದಿಂದ ರಾಷ್ಟ್ರೀಯ ವರ್ಗಗಳು. ಎಲ್ಲದರ ಮೇಲೆ ವರ್ಷವರ್ಷವೂ ಪುನಃ ಸಂಪಾದಿಸಬೇಕಾದ ಫಿಫಾ ಬಿಲ್ಲೆ. ಈ ಮಾರ್ಗದ ಕೊನೆಯನ್ನು ಮುಟ್ಟುವುದು ಅಸಾಧ್ಯವಲ್ಲವೆಂಬುದಕ್ಕೆ ನೆರೆಯ ತಮಿಳುನಾಡಿನ ಕೋಮಲೀಶ್ವರನ್ ಶಂಕರ್ ಸಾಕ್ಷಿ. 2002ರಲ್ಲಿ ಜಪಾನ್ ಕೊರಿಯಗಳಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಅವರು ಸಹಾಯಕ ರೆಫರಿಯಾಗಿ ಧ್ವಜ ಹಿಡಿದರು. ಭಾರತದ ತಂಡವು ಇಂದಿಗೂ ಆಡದಿರುವ ವಿಶ್ವಕಪ್ಪಿನ ಮೈದಾನವನ್ನು ಭಾರತದ ರೆಫರಿಯು ತುಳಿದಿರುವನೆಂಬ ಸಂಗತಿ ನಮ್ಮ ಕ್ರೀಡಾಚರಿತ್ರೆಯಲ್ಲಿ ಇನ್ನೂ ದೊಡ್ಡಕ್ಷರದಲ್ಲಿ ಬರೆಯಲ್ಪಡಬೇಕಾಗಿತ್ತು.

ತರಗತಿಯಲ್ಲಿ ಉತ್ತೀರ್ಣರಾದವರೆಲ್ಲರೂ ಮೈದಾನದಲ್ಲಿ ಉಳಿಯುವುದಿಲ್ಲವೆಂಬುದು ಎಲ್ಲ ದೇಶದ ಸಂಘಗಳ ದುಃಖ. ನಿಯಮವು ಕಷ್ಟವೆಂದು ಬಿಟ್ಟವರು ಅವರಲ್ಲಿ ವಿರಳ. ಬೈಗುಳನ್ನು ತಾಳಲಾರದೆ ಬಿಟ್ಟವರೇ ಬಹುಮಂದಿ. ಹದಿಹರೆಯದ ಹುಡುಗನೋ ಹುಡುಗಿಯೋ ಮೊದಲ ಪಂದ್ಯದಲ್ಲಿ ನ್ಯಾಯವಾದ ಪೆನಾಲ್ಟಿಯನ್ನು ಕೊಟ್ಟುದಕ್ಕಾಗಿ ಹಿರಿಯರಿಂದ ಬಾಯಿಗೆ ಬಂದ ಮಾತನ್ನು ಕೇಳಿ, ಅಂದೇ ಸೀಟಿಯನ್ನು ಪೆಟ್ಟಿಗೆಗೆ ಹಾಕಿಬಿಟ್ಟರೆ, ಕಳೆದುಹೋದುದು ಒಬ್ಬ ರೆಫರಿ ಮಾತ್ರವಲ್ಲ, ಹತ್ತು ಹದಿನೈದು ವರ್ಷಗಳ ಪಂದ್ಯಗಳು. ಇಂಗ್ಲೆಂಡಿನಲ್ಲಿ ರೆಫರಿಯ ಎದೆಗೆ ಸಣ್ಣ ಕ್ಯಾಮರವನ್ನು ಕಟ್ಟಿ ಕಳುಹಿಸುವ ಪ್ರಯೋಗವೂ ಈಚೆಗೆ ನಡೆದಿದೆ. ಅದು ಸಾಕ್ಷ್ಯಕ್ಕೆ ಒದಗಬಹುದು. ಧೈರ್ಯವನ್ನು ಅದು ಕೊಡಲಾರದು. ಹೊಸ ರೆಫರಿಯ ಮೊದಲ ಐದಾರು ಪಂದ್ಯಗಳಿಗೆ ಸಂಘದ ಹಿರಿಯನೊಬ್ಬನು ಜೊತೆಯಲ್ಲಿ ಹೋಗಿ, ಗೆರೆಯ ಬಳಿ ಎಲ್ಲರಿಗೂ ಕಾಣುವಂತೆ ನಿಂತು, ಮಧ್ಯವಿರಾಮದಲ್ಲಿ ನೀರು ಕೊಟ್ಟು ಎರಡು ಮಾತು ಹೇಳಿ, ಪಂದ್ಯವು ಮುಗಿದ ಮೇಲೆ ತಂಡದವರು ಸುತ್ತುಗಟ್ಟುವ ಮೊದಲೇ ಪಕ್ಕಕ್ಕೆ ಬಂದು ನಿಲ್ಲುವ ಏರ್ಪಾಡು ಕೆಲವು ಸಂಘಗಳಲ್ಲಿ ಉಂಟು. ಪ್ರತಿ ಜಿಲ್ಲೆಯಲ್ಲಿಯೂ ಅದು ಕಡ್ಡಾಯವಾಗಬೇಕೆಂದು ನಾನು ಒತ್ತಾಯಿಸುತ್ತೇನೆ. ಅದಕ್ಕೆ ತಗಲುವ ವೆಚ್ಚ ಬಸ್ಸಿನ ಟಿಕೀಟಿನ ಹಣ. ಅದಕ್ಕೆ ಬೇಕಾದ ಹಿರಿಯರು ನಮ್ಮಲ್ಲಿಯೇ ಇದ್ದಾರೆ, ಅವರಲ್ಲಿ ಹಲವರ ಹೆಸರುಗಳು ಈ ಸಂಚಿಕೆಯ ಮುಂದಿನ ಪುಟಗಳಲ್ಲಿ ಅಚ್ಚಾಗಿವೆ, ಭಾನುವಾರದ ಬೆಳಗನ್ನು ಬಿಟ್ಟುಕೊಡಲು ಅವರನ್ನು ಯಾರಾದರೂ ಹೋಗಿ ಕೇಳಬೇಕಾಗಿದೆ.